ಡಿಗ್ರಿ ತರಗತಿಗಳೇ ಇಲ್ಲದ ವಿಶ್ವವಿದ್ಯಾಲಯಕ್ಕೆ ಸೇರಬೇಕೆ?

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ವಾರದಲ್ಲಿ ಬಿ.ಎಸ್ಸಿ ಮುಗಿಸಿದವರ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಬಿ.ಇಡಿಯೋ, ಎಂ.ಎಸ್ಸಿಯೋ, ಬ್ಯಾಂಕ್ ಪರೀಕ್ಷೆಗೆ ಕೋಚಿಂಗೋ? ಈ ಮಾತುಕತೆಯ ನಡುವೆ ಮಗನೋ ಮಗಳೋ ನೆಂಟರಿಷ್ಟರು ಯಾರೂ ಕೇಳಿರದ ಸಂಸ್ಥೆಯ ಹೆಸರೊಂದನ್ನು ಎತ್ತಿದರೆ ಅಪ್ಪ ಅಮ್ಮನಿಗೆ ದಿಗಿಲು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅಂಥದೊಂದು ಹೆಸರು. 1989ರಲ್ಲಿ ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಈ ಕೇಂದ್ರಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಇದೆ, ವಿಜ್ಞಾನಿಗಳ ನಡುವೆ ದೊಡ್ಡ ಹೆಸರಿದೆ. ಆದರೆ ಅಲ್ಲಿ ಬಿ.ಎಸ್ಸಿ ಪದವಿ ತರಗತಿ ಇಲ್ಲ. ‘ಡಿಗ್ರಿ ಕಾಲೇಜೇ ಇಲ್ಲವಂತಲ್ಲ ಸಾರ್, ನಂಬಿ ಕಳಿಸಬಹುದಾ?’ ಎಂದು ತಂದೆಯೊಬ್ಬರು ಕೇಳಿದ್ದರು. ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಪ್ಪತ್ತೊಂದರ ವಯಸ್ಸಿನ ಮಗುವಿನ ಮುಂದಿನ ಆರೇಳು ವರ್ಷ ಅದರಲ್ಲಿ ಅಡಗಿದೆ.

ಪಿಜಿಗೆ ಮಾತ್ರ ಮೀಸಲಾದ ಕ್ಯಾಂಪಸ್ಸು ಕನ್ನಡಿಗರಿಗೆ ತೀರಾ ಅಪರಿಚಿತವೇನಲ್ಲ. ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿ ಸ್ನಾತಕೋತ್ತರ ವಿಭಾಗಗಳಿಗೆಂದೇ ಕಟ್ಟಿದ ಆವರಣ. ಕೊಣಾಜೆಯ ಮಂಗಳಗಂಗೋತ್ರಿ, ಶಂಕರಘಟ್ಟದ ಜ್ಞಾನಸಹ್ಯಾದ್ರಿ ಬೆಳೆದದ್ದೂ ಇದೇ ಜಾಡಿನಲ್ಲಿ. ಡಿಗ್ರಿ ಓದುವವರು ಸಂಯೋಜಿತ ಕಾಲೇಜುಗಳಲ್ಲಿ, ಎಂ.ಎ, ಎಂ.ಎಸ್ಸಿಯವರು ಕ್ಯಾಂಪಸ್ಸಿನಲ್ಲಿ. ಆದರೆ ಈ ವಿಶ್ವವಿದ್ಯಾಲಯಗಳ ಬೆನ್ನ ಮೇಲೆ ನೂರಾರು ಕಾಲೇಜುಗಳ ಭಾರವಿದೆ. ಅವುಗಳ ಪರೀಕ್ಷೆ, ಮೌಲ್ಯಮಾಪನ, ಪಠ್ಯಕ್ರಮ ಸಮಿತಿ ಎಂದು ಪ್ರಾಧ್ಯಾಪಕರ ಎಷ್ಟೋ ದಿನಗಳು ಹೋಗುತ್ತವೆ. ಜಕ್ಕೂರಿನಂಥ ಸಂಸ್ಥೆಗೆ ಆ ಹೊರೆಯಿಲ್ಲ. ಅಲ್ಲಿನ ಪ್ರಾಧ್ಯಾಪಕರಿಗೆ ಮುಖ್ಯ ಕೆಲಸ ಸಂಶೋಧನೆ, ಮತ್ತು ಆ ಸಂಶೋಧನೆಗೆ ವಿದ್ಯಾರ್ಥಿಯನ್ನು ಸಜ್ಜುಗೊಳಿಸುವುದು. ಮಾನವಿಕ ವಿಷಯಗಳಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ್ದೂ ಇದೇ ಹಂಬಲದಿಂದ. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿ. ಸಂಶೋಧನೆ ಮತ್ತು ಪುಸ್ತಕ ಪ್ರಕಟಣೆಯನ್ನೇ ಮುಂದಿಟ್ಟುಕೊಂಡು ಅದು ನಡೆಯತೊಡಗಿತು.

ಇಂಥ ವಿಶ್ವವಿದ್ಯಾಲಯದ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣಿಸುವುದು ಅಮೆರಿಕದ ವೂಸ್ಟರ್ ಎಂಬ ಊರಿನ ಕಥೆಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದ್ದ ಜೋನಸ್ ಕ್ಲಾರ್ಕ್ 1887ರಲ್ಲಿ ಅಲ್ಲಿ ತನ್ನ ಹೆಸರಿನ ವಿಶ್ವವಿದ್ಯಾಲಯ ಸ್ಥಾಪಿಸಿದರು. ಅದರ ಮೊದಲ ಅಧ್ಯಕ್ಷ, ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್, ಪದವಿ ತರಗತಿಗಳನ್ನು ಬದಿಗಿಟ್ಟು ಪಿಜಿ ಮತ್ತು ಸಂಶೋಧನೆಯನ್ನಷ್ಟೇ ಆರಂಭಿಸಿದರು. ಭೌತವಿಜ್ಞಾನಿ ಮೈಕೆಲ್ಸನ್, ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅವರಂಥವರು ಬಂದು ಸೇರಿದರು. ಆದರೆ ಸಂಸ್ಥಾಪಕರ ಮನಸ್ಸಿನಲ್ಲಿದ್ದದ್ದು ಊರಿನ ಹುಡುಗರು ಓದುವಂಥ ಕಾಲೇಜು. ಹಣದ ಹರಿವು ತಗ್ಗಿತು, ಅಧ್ಯಾಪಕರಲ್ಲಿ ಅಸಮಾಧಾನ ಹೆಚ್ಚಿತು. 1892ರಲ್ಲಿ ಹೊಸದಾಗಿ ಏಳುತ್ತಿದ್ದ ಶಿಕಾಗೋ ವಿಶ್ವವಿದ್ಯಾಲಯ ಮೈಕೆಲ್ಸನ್ ಸೇರಿದಂತೆ ಹಲವು ಅಧ್ಯಾಪಕರನ್ನು ಸೆಳೆದುಕೊಂಡುಬಿಟ್ಟಿತು. ಕ್ಲಾರ್ಕ್ ಅವರ ಮರಣಾನಂತರ 1902ರಲ್ಲಿ ಅಲ್ಲಿ ಪದವಿ ಕಾಲೇಜು ತೆರೆಯಿತು. ಇಷ್ಟೆಲ್ಲ ಪೆಟ್ಟು ತಿಂದರೂ ಆ ಪುಟ್ಟ ಸಂಸ್ಥೆಯ ಸಂಶೋಧನೆ ಬತ್ತಲಿಲ್ಲ. 1909ರಲ್ಲಿ ಫ್ರಾಯ್ಡ್ ಅಮೆರಿಕದಲ್ಲಿ ಉಪನ್ಯಾಸ ಕೊಟ್ಟದ್ದು ಅಲ್ಲಿಯೇ, ರಾಕೆಟ್ ವಿಜ್ಞಾನದ ರಾಬರ್ಟ್ ಗೊಡಾರ್ಡ್ 1911ರಲ್ಲಿ ಪಿಎಚ್.ಡಿ ಪಡೆದದ್ದೂ ಅಲ್ಲಿಯೇ.

ನಾನು ಈ ಕಥೆಯನ್ನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. ಎಷ್ಟೋ ವಿಶ್ವವಿದ್ಯಾಲಯಗಳ ಮನೆಖರ್ಚು ತೂಗಿಸುವುದು ಪದವಿ ವಿದ್ಯಾರ್ಥಿಗಳ ಶುಲ್ಕ. ಅವರೇ ಇಲ್ಲದ ಕಡೆ ಹಣ ಬೇರೆಲ್ಲಿಂದಲೋ ಬರಬೇಕು. ಸರ್ಕಾರದ ಅನುದಾನ, ದಾನಿಗಳ ನಿಧಿ, ಇಲ್ಲವೇ ಮಾಸ್ಟರ್ಸ್ ಓದುವವರು ಕಟ್ಟುವ ಫೀಸು. ಸೇರುವ ಮುನ್ನ ಮೊದಲು ತಿಳಿಯಬೇಕಾದದ್ದು ಇದನ್ನೇ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಪದವಿ ತರಗತಿ ಇಲ್ಲ, ಪಿಎಚ್.ಡಿ ವಿದ್ಯಾರ್ಥಿಗಳು ಶುಲ್ಕ ಕಟ್ಟಬೇಕಾಗಿಲ್ಲ, ಬದಲಿಗೆ ಅವರಿಗೇ ಸ್ಟೈಪೆಂಡ್ ಸಿಗುತ್ತದೆ. ಬೆನ್ನಿಗೆ ದೊಡ್ಡ ನಿಧಿಯಿರುವುದರಿಂದ ಅದು ಸಾಧ್ಯ. ಜಕ್ಕೂರಿನ ಕೇಂದ್ರಕ್ಕೆ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಸರೆ. ಸಿಎಸ್ಐಆರ್ ಅಥವಾ ಯುಜಿಸಿಯ ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಬಿ.ಎಸ್ಸಿ ಆದಮೇಲೆ ನೇರವಾಗಿ ಸೇರುವ ಇಂಟಿಗ್ರೇಟೆಡ್ ಪಿಎಚ್.ಡಿಯವರಿಗೆ ಮೊದಲ ವರ್ಷಗಳಲ್ಲಿ ಸಿಗುವುದು ಇದಕ್ಕಿಂತ ಕಡಿಮೆ. ಆದರೂ ಮನೆಯಿಂದ ದುಡ್ಡು ತರಿಸಿಕೊಳ್ಳದೆ ಓದುವ ಅವಕಾಶ ಬಡ ಕುಟುಂಬದ ಮಕ್ಕಳಿಗೆ ಎಂಥ ದೊಡ್ಡದು ಎಂಬುದು ಸಾಲ ಮಾಡಿ ಓದಿಸಿದವರಿಗೆ ಗೊತ್ತು.

ಬ್ರಿಟನ್ನಿನ ಬೆಡ್‌ಫರ್ಡ್‌ಶೈರಿನಲ್ಲಿರುವ ಕ್ರ್ಯಾನ್‌ಫೀಲ್ಡ್ ಮತ್ತೊಂದು ಬಗೆಯದು. 1946ರಲ್ಲಿ ವಿಮಾನಶಾಸ್ತ್ರದ ಕಾಲೇಜಾಗಿ ಆರಂಭವಾಗಿ, ಇಂದು ಸ್ನಾತಕೋತ್ತರಕ್ಕೆ ಮೀಸಲಾದ ವಿಶ್ವವಿದ್ಯಾಲಯವಾಗಿ ನಿಂತಿದೆ. ಕ್ಯಾಂಪಸ್ಸಿಗೆ ಅದರದೇ ರನ್‌ವೇ ಇದೆ. ಏರೋಸ್ಪೇಸ್ ಓದುವ ಕನಸಿನ ಬೆಂಗಳೂರಿನ ಎಂಜಿನಿಯರುಗಳಿಗೆ ಈ ಹೆಸರು ಚೆನ್ನಾಗಿ ಗೊತ್ತು. ಆದರೆ ಬ್ರಿಟನ್ನಿನ ಪತ್ರಿಕೆಗಳು ವರ್ಷವರ್ಷ ಪ್ರಕಟಿಸುವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಆ ಪಟ್ಟಿಗಳು ನಿಂತಿರುವುದು ಪದವಿ ವಿದ್ಯಾರ್ಥಿಗಳ ಅಂಕಿಅಂಶದ ಮೇಲೆ. ಹೆಸರು ಕಾಣಲಿಲ್ಲವೆಂದು ಸಂಸ್ಥೆ ಕಳಪೆಯೆಂದು ತೀರ್ಮಾನಿಸುವುದು ತಪ್ಪು. ಅಲ್ಲಿಯ ಒಂದು ವರ್ಷದ ಮಾಸ್ಟರ್ಸ್‌ಗೆ ವಿದ್ಯಾರ್ಥಿಯೇ ಹಣ ಕಟ್ಟಬೇಕು, ಅದೂ ವಿದೇಶೀಯರಿಗೆ ನಿಗದಿಯಾದ ಫೀಸು.

ಹೀಗಾಗಿ ಎರಡೂ ಕಡೆ ಬೆಲೆ ತೆರಲೇಬೇಕು. ಕ್ರ್ಯಾನ್‌ಫೀಲ್ಡ್‌ನಂಥಲ್ಲಿ ತೆರುವುದು ಹಣ, ಜಕ್ಕೂರಿನಂಥಲ್ಲಿ ತೆರುವುದು ವಯಸ್ಸು. ಫೀಸು ಕಟ್ಟಿ ಓದುವುದಾದರೆ ಹಿಂದಿನ ಬ್ಯಾಚಿನವರು ಯಾವ ಕೆಲಸಕ್ಕೆ ಸೇರಿದರು ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು. ಸಾಲದ ಕಂತು ತೀರಬೇಕಾದದ್ದು ಆ ಸಂಬಳದಿಂದ. ಫೆಲೋಶಿಪ್ ಪಡೆದು ಓದುವುದಾದರೆ ಹಣಕ್ಕಿಂತ ಕಠಿಣವಾದ ಪ್ರಶ್ನೆಗಳಿವೆ. ಇಂಟಿಗ್ರೇಟೆಡ್ ಪಿಎಚ್.ಡಿ ಮುಗಿಯಲು ಆರೇಳು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಜೊತೆಗೆ ಓದಿದವರು ಕೆಲಸ ಹಿಡಿದು, ಮನೆ ಕಟ್ಟಲು ಶುರುಮಾಡಿರುತ್ತಾರೆ. ನಡುವೆ ಬಿಡಬೇಕಾಗಿ ಬಂದರೆ ಮಾಸ್ಟರ್ಸ್ ಪದವಿಯಾದರೂ ಕೈಗೆ ಬರುತ್ತದೆಯೇ, ಎಷ್ಟು ವರ್ಷದ ನಂತರ, ಯಾವ ಷರತ್ತಿನ ಮೇಲೆ ಎಂಬುದನ್ನು ಸೇರುವ ಮೊದಲೇ ಸಂಸ್ಥೆಯ ನಿಯಮಾವಳಿಯಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆ ಸಾಲದು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಆರೇಳು ವರ್ಷ ಇನ್ನೂ ತ್ರಾಸದ್ದು. ಮದುವೆಯ ಮಾತು ಸರಿಯಾಗಿ ನಡುದಾರಿಯಲ್ಲೇ ಎದುರಾಗುತ್ತದೆ. ಪ್ರಯೋಗದ ನಡುವೆ ಊರಿಗೆ ಬಾ ಎನ್ನುವ ಫೋನು ಬರುತ್ತದೆ. ಮಗಳನ್ನು ಕಳಿಸಲು ಒಪ್ಪುವ ತಂದೆತಾಯಿ ಅಷ್ಟೂ ವರ್ಷಗಳನ್ನು ಸೇರಿಸಿಯೇ ಒಪ್ಪಬೇಕು. ಅರ್ಧಕ್ಕೆ ಹಿಂದೆ ಕರೆಸಿಕೊಂಡು ಮಗಳ ಕೆಲಸವನ್ನು ಕೆಡಿಸುವುದು ಅವಳಿಗೆ ಮಾಡುವ ಅನ್ಯಾಯ.

ಹೊರಗಿನಿಂದ ನೋಡಿದರೆ ಇಂಥ ಕ್ಯಾಂಪಸ್ಸುಗಳು ನಿಶ್ಶಬ್ದವಾಗಿರುತ್ತವೆ. ಒಳಗಿನ ಬದುಕು ಹೇಗೆಂದು ತಿಳಿಯಬೇಕಾದರೆ ಯಾವುದಾದರೂ ಪ್ರಯೋಗಾಲಯದ ವಾರದ ಗ್ರೂಪ್ ಮೀಟಿಂಗಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ಮೂರನೇ ವರ್ಷದ ಹುಡುಗಿಯೊಬ್ಬಳು ಎರಡು ತಿಂಗಳ ಕೆಲಸವನ್ನು ಒಂದೇ ಗ್ರಾಫಿನಲ್ಲಿ ತೋರಿಸುತ್ತಾಳೆ. ಅಕ್ಷದ ಮೇಲಿನ ಯೂನಿಟ್ ಸರಿಯಿಲ್ಲವೆಂದು ಸೀನಿಯರ್ ಹೇಳುತ್ತಾನೆ, ಕಂಟ್ರೋಲ್ ಎಲ್ಲಿ ಎಂದು ಪ್ರೊಫೆಸರ್ ಕೇಳುತ್ತಾರೆ. ಅವಳು ಮತ್ತೆ ಮಾಡುತ್ತೇನೆ ಎನ್ನುತ್ತಾಳೆ. ಬಾಗಿಲ ಬಳಿ ಕೂತ ಮೊದಲ ವರ್ಷದ ಹುಡುಗ ಅರ್ಥವಾಗದ ಪದಗಳನ್ನೆಲ್ಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಿರುತ್ತಾನೆ. ಇಂಟರ್ನಲ್ಸ್, ನೋಟ್ಸ್, ಪ್ರಶ್ನೆಪತ್ರಿಕೆ ಎಂಬ ಡಿಗ್ರಿಯ ಲೋಕ ಇಲ್ಲಿಲ್ಲ. ಪಾಸಾಗುವ ಅಂಕ ಎಂಬ ಗುರಿಯೂ ಇಲ್ಲ. ಈ ಕೋಣೆಯಲ್ಲಿ ಕುಳಿತಾಗ ಯಾರಿಗೆ ಭಯದ ಜೊತೆಗೆ ಹುರುಪೂ ಬರುತ್ತದೋ ಅವರು ಸೇರಲಿ. ಬರೀ ಭಯವೇ ಬಂದರೆ ಒಂದು ವರ್ಷ ತಡೆದು ಯೋಚಿಸಲಿ.

ಆ ಕೋಣೆಯ ಗುಣ ನಿಂತಿರುವುದು ಒಬ್ಬ ಗೈಡ್ ಮೇಲೆ. ಡಿಗ್ರಿ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಸರಿಯಿಲ್ಲದಿದ್ದರೆ ಇನ್ನೈದು ಮಂದಿ ಇರುತ್ತಾರೆ. ಇಲ್ಲಿ ಒಬ್ಬರೇ, ಅದೂ ವರ್ಷಗಟ್ಟಲೆ. ಹಾಗಾಗಿ ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಎಂಬುದು ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಊರು ಬಿಡಬೇಕಾಗಿಲ್ಲ. ದೇಶದ ನೂರಾರು ವಿಶ್ವವಿದ್ಯಾಲಯಗಳ ಪಿಎಚ್.ಡಿ ಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸಂಸ್ಥೆಗಳ ಗ್ರಂಥಾಲಯಗಳಲ್ಲೂ ಇರುತ್ತವೆ. ನಿಮ್ಮ ಕಣ್ಣಿಗೆ ಬಿದ್ದ ಪ್ರೊಫೆಸರ್ ಕೈಕೆಳಗೆ ಮುಗಿದ ಪ್ರಬಂಧಗಳನ್ನು ತೆಗೆದು ಮೊದಲು ಕೃತಜ್ಞತೆಯ ಪುಟ ಓದಿ. ಅಲ್ಲಿ ಗೈಡ್‌ಗೆ ಒಂದೇ ಒಣ ಸಾಲು ಮೀಸಲಾಗಿ, ಉಳಿದ ಪುಟವೆಲ್ಲ ಸ್ನೇಹಿತರಿಗೂ ಆಪ್ತಸಲಹೆಗಾರರಿಗೂ ಹೋಗಿದ್ದರೆ ಒಂದು ಕ್ಷಣ ನಿಲ್ಲಿ. ತಿದ್ದಿ ಕೊಟ್ಟ ಕರಡುಗಳ, ಸೋತ ಪ್ರಯೋಗದ ದಿನ ಆಡಿದ ಮಾತಿನ ನೆನಪು ಅಲ್ಲಿದ್ದರೆ ಅದು ಒಳ್ಳೆಯ ಗುರುತು. ಒಂದೇ ಪುಟ ನೋಡಿ ತೀರ್ಪು ಕೊಡಬಾರದು, ನಾಲ್ಕಾರು ಪ್ರಬಂಧಗಳನ್ನು ನೋಡಿದರೆ ಒಂದು ಚಿತ್ರ ಮೂಡುತ್ತದೆ. ಸೇರಿದ ವರ್ಷವನ್ನೂ ಮುಗಿದ ವರ್ಷವನ್ನೂ ಹೋಲಿಸಿ ನೋಡಿ. ಆಮೇಲೆ ಈಗಿನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ವಿನಯದಿಂದ ಒಂದು ಇಮೇಲ್ ಬರೆಯಿರಿ. ಬಹಳಷ್ಟು ಮಂದಿ ಮನಸ್ಸು ಬಿಚ್ಚಿ ಉತ್ತರಿಸುತ್ತಾರೆ.

ಹದಿನೆಂಟರ ಹರೆಯದವರಿಲ್ಲದ ಕ್ಯಾಂಪಸ್ಸಿನಲ್ಲಿ ಕೆಲವು ಸಂಗತಿಗಳು ಸಿಗುವುದೇ ಇಲ್ಲ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು, ಪಾಠ ಹೇಳುವ ಅವಕಾಶ. ಪಿಎಚ್.ಡಿ ವಿದ್ಯಾರ್ಥಿ ಬಿ.ಎಸ್ಸಿಯವರಿಗೆ ಟ್ಯುಟೋರಿಯಲ್ ನಡೆಸುತ್ತಾ, ಅವರ ಪ್ರಾಕ್ಟಿಕಲ್ ನೋಡಿಕೊಳ್ಳುತ್ತಾ ತನಗೇ ಗೊತ್ತಿಲ್ಲದಂತೆ ಅಧ್ಯಾಪಕನಾಗುತ್ತಾನೆ. ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿ ಕೊನೆಗೆ ಸೇರುವುದು ಕಾಲೇಜು ಮೇಷ್ಟ್ರ ಕೆಲಸಕ್ಕೆ. ಸಂಶೋಧನೆಯಲ್ಲಿ ಪಳಗಿದರೂ ಅರುವತ್ತು ಮಕ್ಕಳ ತರಗತಿಯಲ್ಲಿ ಮಾತು ತಡವರಿಸುವವರನ್ನು ನಾನು ನೋಡಿದ್ದೇನೆ. ಕೆಲವು ಪಿಜಿ ಸಂಸ್ಥೆಗಳು ಕ್ರಮೇಣ ದಾರಿ ಬದಲಿಸಿವೆ. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ನೂರು ವರ್ಷ ಬಹುಮಟ್ಟಿಗೆ ಪಿಜಿ ಮತ್ತು ಸಂಶೋಧನೆಯ ಹಾದಿಯಲ್ಲಿ ನಡೆದು, 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿಯನ್ನು ಆರಂಭಿಸಿತು. ಹಂಗೆರಿಯಲ್ಲಿದ್ದ ಸೆಂಟ್ರಲ್ ಯುರೋಪಿಯನ್ ವಿಶ್ವವಿದ್ಯಾಲಯವೂ ವಿಯೆನ್ನಾಕ್ಕೆ ಹೋದಮೇಲೆ 2020ರಲ್ಲಿ ಪದವಿ ತರಗತಿ ತೆರೆಯಿತು. ಈ ಬದಲಾವಣೆ ಒಳ್ಳೆಯದೇ ಎಂದು ನನ್ನ ಭಾವನೆ. ಎಳೆಯರ ಪ್ರಶ್ನೆಗಳಿಲ್ಲದೆ ಸಂಶೋಧನೆ ಮಾತ್ರ ನಡೆಯುವ ಕಡೆ, ಎಲ್ಲರಿಗೂ ತಿಳಿಯುವಂತೆ ಹೇಳುವ ಅಭ್ಯಾಸ ಮೆಲ್ಲಗೆ ತಪ್ಪಿಹೋಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಕಷ್ಟವನ್ನು ಬೇರೆಯಾಗಿಯೇ ಹೇಳಬೇಕು. ಬೆಂಗಳೂರಿನ ಇಂಥ ಸಂಶೋಧನಾ ಕೇಂದ್ರಗಳಲ್ಲಿ, ಅಂದರೆ ಜಕ್ಕೂರಿನಲ್ಲಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ, ಹೆಸರಘಟ್ಟದ ಕಡೆಯ ಐಸಿಟಿಎಸ್‌ನಲ್ಲಿ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ವಿದ್ಯಾರ್ಥಿಗಳ ಸಂಖ್ಯೆ ಚಿಕ್ಕದಾದ್ದರಿಂದ ನಿಮ್ಮ ಜಿಲ್ಲೆಯವರು ಯಾರೂ ಇರದೆ ಹೋಗಬಹುದು. ಊಟಕ್ಕೆ ಕುಳಿತಾಗ ಕನ್ನಡದಲ್ಲಿ ಕಷ್ಟಸುಖ ಹೇಳಿಕೊಳ್ಳಲು ಒಬ್ಬರು ಸಿಗುವುದೇ ಭಾಗ್ಯ. ಇದರಿಂದ ಹಿಂಜರಿಯಬೇಕಾಗಿಲ್ಲ. ವಿಷಯದ ಮೇಲೆ ಹಿಡಿತವಿದ್ದವರಿಗೆ ಭಾಷೆ ಕಾಲಕ್ರಮೇಣ ಒಗ್ಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬೇಕು.

ಯಾರು ಹೋಗಬಾರದು? ಕೆಲಸ ಸಿಗಲಿಲ್ಲವೆಂದು ಎರಡು ವರ್ಷ ತಳ್ಳಲು ಬಯಸುವವರು. ಯಾವ ವಿಷಯ ಇಷ್ಟ ಎಂಬುದೇ ಇನ್ನೂ ತಿಳಿಯದವರು. ಕಾಲೇಜು ಉಪನ್ಯಾಸಕರಾಗುವುದಷ್ಟೇ ಗುರಿಯಾಗಿದ್ದವರೂ ಇನ್ನೊಮ್ಮೆ ಯೋಚಿಸಬಹುದು. 2023ರ ಯುಜಿಸಿ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ ಕಡ್ಡಾಯವಲ್ಲ, ನೆಟ್ ಅಥವಾ ಕೆ-ಸೆಟ್ ಸಾಕು. ಅವರಿಗೆ ಮಾನಸಗಂಗೋತ್ರಿಯ ಅಥವಾ ಧಾರವಾಡದ ಎರಡು ವರ್ಷದ ಎಂ.ಎಸ್ಸಿ ಹತ್ತಿರದ ದಾರಿ. ಅದರಲ್ಲಿ ಕಡಿಮೆತನವೇನಿಲ್ಲ. ಇನ್ನು ನಮ್ಮ ರಾಜ್ಯ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ನಿಮ್ಮ ಪದವಿ ಎಷ್ಟು ವರ್ಷದ್ದು ಎಂಬುದರ ಮೇಲೆ ಅರ್ಹತೆ ಬದಲಾಗುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನು ಗಮನವಿಟ್ಟು ಓದಬೇಕು.

ಒಂದು ಪ್ರಶ್ನೆ ಬೆನ್ನುಹತ್ತಿ ನಿದ್ದೆಗೆಡಿಸುತ್ತಿದ್ದರೆ, ಪುಸ್ತಕದಲ್ಲಿ ಕೊಟ್ಟ ಉತ್ತರ ಸಾಲದೆನಿಸಿದರೆ, ಅಂಥ ವಿದ್ಯಾರ್ಥಿಗೆ ಇಂಥ ಜಾಗ ಬೇರೆಲ್ಲಿಯೂ ಸಿಗದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಇಪ್ಪತ್ನಾಲ್ಕು ಗಂಟೆ ತೆರೆದಿರುವ ಲ್ಯಾಬು, ಹೆಸರು ಹಿಡಿದು ಕರೆಯುವ ಪ್ರೊಫೆಸರು, ನಿಮ್ಮದೇ ಹುಚ್ಚು ಹತ್ತಿದ ಜೊತೆಗಾರರು ನಮ್ಮ ದೇಶದಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ.

ಸೇರುವ ಮೊದಲೇ ಈ ಬದುಕು ಒಗ್ಗುತ್ತದೆಯೇ ಎಂದು ಪರೀಕ್ಷಿಸಿ ನೋಡುವ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ, ಜಕ್ಕೂರಿನ ಕೇಂದ್ರಕ್ಕೂ ಅದರದೇ ಬೇಸಿಗೆ ಕಾರ್ಯಕ್ರಮವಿದೆ. ಡಿಗ್ರಿ ಓದುತ್ತಿರುವಾಗಲೇ ಸುಮಾರು ಎರಡು ತಿಂಗಳು ಅಂಥ ಲ್ಯಾಬಿನಲ್ಲಿ ಕೂತು ಕೆಲಸ ಮಾಡಬಹುದು. ಖರ್ಚಿಗೆ ಹಣವೂ ಸಿಗುತ್ತದೆ. ಅರ್ಜಿ ಕರೆಯುವುದು ಬೇಸಿಗೆಗೆ ತಿಂಗಳುಗಟ್ಟಲೆ ಮುಂಚೆ, ಚಳಿಗಾಲದ ಹೊತ್ತಿಗೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಎಷ್ಟೋ ಮಕ್ಕಳಿಗೆ ಈ ಸುದ್ದಿ ತಲುಪುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರುತ್ತದೆ. ದಸರಾ ರಜೆ ಮುಗಿಯುತ್ತಿದ್ದಂತೆ ಅಧ್ಯಾಪಕರು ಇದನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಲಿ, ತರಗತಿಯಲ್ಲಿ ಓದಿ ಹೇಳಲಿ, ಶಿಫಾರಸು ಪತ್ರ ಕೇಳಿ ಬಂದ ಮಕ್ಕಳಿಗೆ ಅಂದೇ ಬರೆದುಕೊಡಲಿ.