ಲೆಕ್ಕಕ್ಕೆ ಸಿಗದ ಹಸಿವು

ಮಿತಾಹಾರವು ಹಣ್ಣುನೊಣದ ಆಯುಸ್ಸನ್ನು ಹೆಚ್ಚಿಸುತ್ತದೆಂಬುದು ಹಳೆಯ ಸಂಗತಿ. ಅದಕ್ಕೆ ಕಾರಣ ತಿನ್ನುವ ಪ್ರಮಾಣವೋ, ಹಸಿವಿನ ಅನುಭವವೋ? 2023ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನೊಣಗಳ ಮಿದುಳಿನಲ್ಲಿ ಹಸಿವಿಗೆ ಸಂಬಂಧಿಸಿದ ನರಕೋಶಗಳನ್ನು ಬೆಳಕಿನಿಂದ ಪ್ರಚೋದಿಸಿದರು. ಆ ನೊಣಗಳು ಹೆಚ್ಚು ತಿಂದವು. ಆದರೂ ಹೆಚ್ಚು ಕಾಲ ಬದುಕಿದವು. ಹಸಿವೆಂಬ ಭಾವವೇ ಮುಪ್ಪನ್ನು ನಿಧಾನಗೊಳಿಸಬಲ್ಲದೆಂದಾಯಿತು.

ಇದನ್ನು ಹಸಿವಿನ ಗುಣಗಾನವೆಂದು ಭಾವಿಸಬಾರದು. ಆ ನೊಣಗಳ ಮುಂದೆ ಆಹಾರವಿತ್ತು. ನಾನು ಸೇವೆಯಲ್ಲಿದ್ದಾಗ ಬರಪೀಡಿತ ತಾಲ್ಲೂಕುಗಳಲ್ಲಿ ಕಂಡ ಮಕ್ಕಳ ಮುಂದೆ ಇರಲಿಲ್ಲ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆಯು ಗ್ರಾಮೀಣ ಬಡತನದ ರೇಖೆಯನ್ನು ದಿನಕ್ಕೆ 2,400 ಕ್ಯಾಲೊರಿಯ ಆಧಾರದ ಮೇಲೆ ಎಳೆಯಿತು. ನಮ್ಮ ಕಡತಗಳಲ್ಲಿ ಕ್ಯಾಲೊರಿಗೆ ಅಂಕಣವಿತ್ತು, ಹಸಿವಿಗಿರಲಿಲ್ಲ. ಕಡತಕ್ಕೇರದ ಅನುಭವವೂ ದೇಹದಲ್ಲಿ ದಾಖಲಾಗುತ್ತದೆಂಬುದನ್ನು ನಮಗೆ ನೊಣವೊಂದು ನೆನಪಿಸಬೇಕಾಯಿತು.