ಅಸಲಿಯೋ, ಅನ್ಯವೋ? ಕ್ಯಾಮೆರಾ ಬ್ಯಾಟರಿಯ ಆಯ್ಕೆ

ವೈಶಾಖ ಮಾಸದ ಬಿಸಿಲು, ಬನಹಟ್ಟಿಯಲ್ಲೊಂದು ಮದುವೆ. ಅಂತರಪಟ ಸರಿದು, ನೆರೆದವರೆಲ್ಲ ವಧೂವರರ ಮೇಲೆ ಅಕ್ಷತೆಯನ್ನು ಎರಚುವ ಕ್ಷಣಕ್ಕೆ ಸರಿಯಾಗಿ ಛಾಯಾಗ್ರಾಹಕನ ಕ್ಯಾಮೆರಾ ಸ್ತಬ್ಧವಾಗುತ್ತದೆ. ಎರಡು ನಿಮಿಷದ ಹಿಂದೆ ಅದರ ತೆರೆಯ ಮೇಲೆ ಬ್ಯಾಟರಿ ಅರ್ಧ ತುಂಬಿದೆಯೆಂದೇ ಕಾಣುತ್ತಿತ್ತು! ಬೇರೊಂದು ಬ್ಯಾಟರಿಯನ್ನು ಕೂಡಿಸುವಷ್ಟರಲ್ಲಿ ಮುಹೂರ್ತ ಮುಗಿದಿರುತ್ತದೆ. ಇದು ನಾವು ಊಹಿಸಿಕೊಂಡ ಪ್ರಸಂಗವಾದರೂ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮದುವೆ ಜಾತ್ರೆಗಳ ಚಿತ್ರ ತೆಗೆದು ಜೀವನ ಸಾಗಿಸುವವರಿಗೆ ಇದು ತೀರ ಅಪರಿಚಿತವಾಗಿರಲಾರದು.

ಅಂಗಡಿಯ ಮೇಜಿನ ಮೇಲೆ ಎರಡು ಬ್ಯಾಟರಿಗಳಿವೆಯೆನ್ನೋಣ. ಒಂದು ಕ್ಯಾಮೆರಾ ತಯಾರಿಸಿದ ಸಂಸ್ಥೆಯದೇ. ಇನ್ನೊಂದು ಅನ್ಯ ತಯಾರಕರದು, ಬೆಲೆಯಲ್ಲಿ ಮೂರನೆಯ ಒಂದು ಪಾಲು. ಆಕಾರ ಒಂದೇ, ಎರಡೂ ಕ್ಯಾಮೆರಾದಲ್ಲಿ ಸರಿಯಾಗಿ ಕೂಡುವುವು. ಯಾವುದನ್ನು ಕೊಳ್ಳಬೇಕು? ಉತ್ತರ ಹೇಳುವುದಕ್ಕೆ ಮೊದಲು ಈ ಪುಟ್ಟ ಪೆಟ್ಟಿಗೆಯ ಒಳಗೆ ಏನಿದೆಯೆಂಬುದನ್ನು ನಾವು ತಿಳಿಯಬೇಕು.

ಇಂದಿನ ಕ್ಯಾಮೆರಾಗಳ ಬ್ಯಾಟರಿಗಳು ಬಹುತೇಕ ಲಿಥಿಯಂ-ಅಯಾನ್ ಜಾತಿಯವು. ೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆ ಇವನ್ನು ಮೊದಲು ಮಾರುಕಟ್ಟೆಗೆ ತಂದಿತು. ಇವುಗಳ ಮೂಲ ಸಂಶೋಧನೆಗಾಗಿ ೨೦೧೯ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಂಥ ಒಂದು ವಿದ್ಯುತ್ಕೋಶದ ಸರಾಸರಿ ಒತ್ತಡ ಸುಮಾರು ೩.೬ ವೋಲ್ಟ್. ದೊಡ್ಡ ಕ್ಯಾಮೆರಾಗಳ ಬ್ಯಾಟರಿಯಲ್ಲಿ ಎರಡು ಕೋಶಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಟ್ಟು ೭.೨ ವೋಲ್ಟ್ ಆಗುವುದು. ಪ್ರತಿಯೊಂದು ಕೋಶದಲ್ಲಿಯೂ ಧನಾಗ್ರ ಋಣಾಗ್ರಗಳ ನಡುವೆ, ತಲೆಗೂದಲಿಗಿಂತ ತೆಳ್ಳಗಿರುವ ಒಂದು ಪ್ಲಾಸ್ಟಿಕ್ ಪೊರೆಯುಂಟು. ಆ ಪೊರೆ ಹರಿದರೆ ಅಥವಾ ಕರಗಿದರೆ ಎರಡು ಅಗ್ರಗಳೂ ನೇರವಾಗಿ ತಾಗಿ, ಒಳಗಿನ ದ್ರವಕ್ಕೆ ಬೆಂಕಿ ಹತ್ತುವ ಸಂಭವವಿದೆ.

ಆದುದರಿಂದಲೇ ಬ್ಯಾಟರಿಯೊಳಗೆ ಕೋಶಗಳೊಡನೆ ಒಂದು ಕಾವಲು ಮಂಡಲವನ್ನೂ ಇಟ್ಟಿರುತ್ತಾರೆ. ಕೋಶದ ಒತ್ತಡ ೪.೨ ವೋಲ್ಟ್ ದಾಟಿ ಮೇಲೇರತೊಡಗಿದರೆ ಅದು ವಿದ್ಯುತ್ತಿನ ಒಳಹರಿವನ್ನು ತಡೆಯುವುದು. ಒತ್ತಡ ತೀರ ಕೆಳಗಿಳಿದರೆ ಹೊರಹರಿವನ್ನು ನಿಲ್ಲಿಸುವುದು. ಇದಲ್ಲದೆ ಕಾವನ್ನು ಅಳೆಯುವ ಒಂದು ರೋಧಕವೂ, ಉಳಿದಿರುವ ವಿದ್ಯುತ್ತಿನ ಲೆಕ್ಕವನ್ನು ಕ್ಯಾಮೆರಾಕ್ಕೆ ತಿಳಿಸುವ ಒಂದು ಚಿಪ್ಪೂ ಇರುವುದುಂಟು. ಅಗ್ಗದ ಸರಕಿನಲ್ಲಿ ಉಳಿತಾಯ ನಡೆಯುವುದು ಮುಖ್ಯವಾಗಿ ಇಲ್ಲಿಯೇ. ಚಿಪ್ಪು ಸರಿಯಾಗಿಲ್ಲದಿದ್ದರೆ ಕ್ಯಾಮೆರಾ ಕೇವಲ ಒತ್ತಡವನ್ನು ನೋಡಿ ಉಳಿಕೆಯನ್ನು ಅಂದಾಜು ಮಾಡಬೇಕಾಗುವುದು. ಲಿಥಿಯಂ ಕೋಶದ ಒತ್ತಡವಾದರೋ ಬಹಳ ಹೊತ್ತು ಹೆಚ್ಚು ಕಡಿಮೆ ಸಮನಾಗಿದ್ದು ಕೊನೆಗೆ ಒಮ್ಮೆಲೇ ಕುಸಿಯುವ ಸ್ವಭಾವದ್ದು. ಅರ್ಧ ತುಂಬಿದೆಯೆಂದು ತೋರಿಸಿದ ಕ್ಯಾಮೆರಾ ಮುಹೂರ್ತದ ವೇಳೆಗೆ ಕೈಕೊಟ್ಟುದರ ಮರ್ಮ ಇದೇ.

ಇನ್ನು ಬ್ಯಾಟರಿಯ ಮೇಲೆ ಅಚ್ಚುಹಾಕಿರುವ ಸಂಖ್ಯೆಯ ವಿಚಾರ. ಕ್ಯಾನನ್ ಸಂಸ್ಥೆಯ ಎಲ್‌ಪಿ-ಇ೬ ಎಂಬ ಬ್ಯಾಟರಿಯನ್ನು ತೆಗೆದುಕೊಳ್ಳೋಣ. ೨೦೦೮ರಲ್ಲಿ ಅದರ ಧಾರಣಶಕ್ತಿ ೧೮೦೦ ಮಿಲಿಆಂಪಿಯರ್-ಗಂಟೆ ಇತ್ತು. ಅದೇ ಆಕಾರದ ಪೆಟ್ಟಿಗೆಯಲ್ಲಿ ೨೧೩೦ರಷ್ಟನ್ನು ತುಂಬುವುದು ಆ ಸಂಸ್ಥೆಗೆ ಸಾಧ್ಯವಾದುದು ೨೦೨೦ರಲ್ಲಿ. ಎಂದರೆ ಹನ್ನೆರಡು ವರ್ಷಗಳಲ್ಲಿ ನೂರಕ್ಕೆ ಸುಮಾರು ಹದಿನೆಂಟರಷ್ಟು ಏರಿಕೆ. ಹೀಗಿರುವಾಗ ಅದೇ ಅಳತೆಯ, ಮೂರನೆಯ ಒಂದು ಪಾಲು ಬೆಲೆಯ ಬ್ಯಾಟರಿಯ ಮೇಲೆ ೩೦೦೦ ಎಂದು ಬರೆದಿದ್ದರೆ ವಿದ್ಯಾರ್ಥಿಯಾದವನು ಹುಬ್ಬೇರಿಸಲೇಬೇಕು. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಬಹುದು: ತೂಕ ಕಡಿಮೆ, ಸಂಖ್ಯೆ ಮಾತ್ರ ದೊಡ್ಡದು ಎಂದಾದರೆ ಆ ಸಂಖ್ಯೆಯನ್ನು ನಂಬಲಾಗದು.

ಇದಕ್ಕಿಂತ ಉತ್ತಮವಾದ ಪರೀಕ್ಷೆಯೊಂದನ್ನು ಮನೆಯಲ್ಲಿಯೇ ಮಾಡಬಹುದು. ಎರಡು ಬ್ಯಾಟರಿಗಳನ್ನೂ ಪೂರ್ಣವಾಗಿ ತುಂಬಿಸಿ, ಒಂದಾದ ಮೇಲೊಂದರಂತೆ ಅದೇ ಕ್ಯಾಮೆರಾದಲ್ಲಿಟ್ಟು, ನೆರಳಿನಲ್ಲಿ ವಿಡಿಯೊ ಚಿತ್ರಣವನ್ನು ಆರಂಭಿಸಿರಿ. ಕ್ಯಾಮೆರಾ ತಾನಾಗಿ ಆರುವವರೆಗಿನ ನಿಮಿಷಗಳನ್ನು ಬರೆದಿಡಿರಿ. ಕೆಲವು ಕ್ಯಾಮೆರಾಗಳು ಅರ್ಧ ಗಂಟೆಗೊಮ್ಮೆ ಚಿತ್ರಣವನ್ನು ನಿಲ್ಲಿಸುವುವು. ಆಗ ಮತ್ತೆ ಆರಂಭಿಸಿ ಕಾಲವನ್ನು ಕೂಡಿಸಬೇಕು. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಒಂದು ಲೆಕ್ಕ ಮಾಡಿ ನೋಡೋಣ. ಮೂಲ ಬ್ಯಾಟರಿಗೆ ೪೦೦೦ ರೂಪಾಯಿ, ಅದು ನಡೆದುದು ೧೦೦ ನಿಮಿಷ; ಅನ್ಯ ಬ್ಯಾಟರಿಗೆ ೧೨೦೦ ರೂಪಾಯಿ, ಅದು ನಡೆದುದು ೮೦ ನಿಮಿಷ ಎಂದಿಟ್ಟುಕೊಳ್ಳಿರಿ. ಮೊದಲನೆಯದರಲ್ಲಿ ನಿಮಿಷಕ್ಕೆ ೪೦ ರೂಪಾಯಿ ಬಿದ್ದರೆ ಎರಡನೆಯದರಲ್ಲಿ ೧೫ ರೂಪಾಯಿ ಮಾತ್ರ. ಒಂದು ವರ್ಷದ ಬಳಿಕ ಎರಡನೆಯದು ಸವೆದು ೫೦ ನಿಮಿಷಕ್ಕೆ ಇಳಿದರೂ ೨೪ ರೂಪಾಯಿಯಷ್ಟೇ ಆಗುವುದು. ಬರಿಯ ನಿಮಿಷಗಳ ಲೆಕ್ಕದಲ್ಲಿ ಅನ್ಯ ಬ್ಯಾಟರಿಯೇ ಲಾಭಕರವೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಹಾಗಾದರೆ ಮೂಲ ಬ್ಯಾಟರಿಗೆ ತೆರುವ ಹೆಚ್ಚಿನ ಹಣ ಯಾವುದರ ಬೆಲೆ?

ಮೊದಲನೆಯದಾಗಿ, ಸೆಕೆಯನ್ನು ನೆನೆಯಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ಈ ತಾಲ್ಲೂಕುಗಳ ಮಧ್ಯಾಹ್ನದ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಅಪರೂಪವಲ್ಲ. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಅದು ೬೦ನ್ನೂ ಮೀರಬಹುದು. ಉಷ್ಣತೆ ಹತ್ತು ಡಿಗ್ರಿ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವನ್ನು ನೀವು ಓದಿರುವಿರಿ. ಕೋಶವನ್ನು ಮುಪ್ಪಾಗಿಸುವ ಕ್ರಿಯೆಗಳಿಗೂ ಇದು ಅನ್ವಯಿಸುವುದು. ಲಿಥಿಯಂ ಕೋಶಗಳನ್ನು ಸಾಮಾನ್ಯವಾಗಿ ೪೫ ಡಿಗ್ರಿಗಿಂತ ಮೇಲೆ ವಿದ್ಯುತ್ತಿನಿಂದ ತುಂಬಬಾರದು. ಕಾವನ್ನು ಅಳೆಯುವ ರೋಧಕ ಸರಿಯಾಗಿಲ್ಲದ ಬ್ಯಾಟರಿ ಈ ಎಚ್ಚರಿಕೆಯನ್ನು ಚಾರ್ಜರಿಗೆ ಕೊಡಲಾರದು. ಎರಡನೆಯದಾಗಿ, ಆಂತರಿಕ ರೋಧದ ಪ್ರಶ್ನೆ. ಮುಧೋಳದ ಬೇಟೆನಾಯಿಯ ಓಟವನ್ನು ಒಂದೇ ಸಮನೆ ಹತ್ತಾರು ಚಿತ್ರಗಳಲ್ಲಿ ಹಿಡಿಯುವಾಗ ಕ್ಯಾಮೆರಾ ಹೆಚ್ಚು ವಿದ್ಯುತ್ತನ್ನು ಸೆಳೆಯುವುದು. ಕಳಪೆ ಕೋಶದ ಒಳರೋಧ ಹೆಚ್ಚಾಗಿರುವುದರಿಂದ ಆ ಗಳಿಗೆಯಲ್ಲಿ ಅದರ ಒತ್ತಡ ಇಳಿದು ಕ್ಯಾಮೆರಾ ನಿಂತುಬಿಡಬಹುದು.

ಮೂಲ ಬ್ಯಾಟರಿಗಳು ದೋಷರಹಿತವೆಂದು ಇದರರ್ಥವಲ್ಲ. ೨೦೧೨ರಲ್ಲಿ ನಿಕಾನ್ ಸಂಸ್ಥೆ ತನ್ನ ಇಎನ್-ಇಎಲ್೧೫ ಬ್ಯಾಟರಿಗಳಲ್ಲಿ ಕೆಲವು ಅತಿಯಾಗಿ ಬಿಸಿಯಾಗುವ ಸಂಭವವಿದೆಯೆಂದು ಕಂಡು ಅವನ್ನು ಹಿಂದಕ್ಕೆ ತರಿಸಿಕೊಂಡು ಬೇರೆಯವನ್ನು ಕೊಟ್ಟಿತು. ಯಾವ ಬ್ಯಾಟರಿಗಳೆಂಬುದನ್ನು ಅವುಗಳ ಮೇಲಿನ ಸಂಖ್ಯೆಯಿಂದಲೇ ಗುರುತಿಸುವುದು ಸಾಧ್ಯವಾಯಿತು. ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಹೆಚ್ಚಿನ ಬೆಲೆಯಲ್ಲಿ ನಾವು ಕೊಳ್ಳುವುದು ಹೊಣೆಗಾರಿಕೆಯನ್ನು. ತಪ್ಪಾದರೆ ಉತ್ತರ ಹೇಳುವವರು ಇದ್ದಾರೆಯೇ ಎಂಬುದೇ ನಿಜವಾದ ಪರೀಕ್ಷೆ.

ಈ ದೃಷ್ಟಿಯಿಂದ ನೋಡಿದರೆ ಬ್ಯಾಟರಿಗಳಲ್ಲಿ ಎರಡಲ್ಲ, ಮೂರು ಬಗೆ. ಮೂಲ ತಯಾರಕರದು ಒಂದು; ತನ್ನ ಹೆಸರನ್ನೇ ಧೈರ್ಯವಾಗಿ ಹಾಕಿಕೊಂಡು ಮಾರುವ ಅನ್ಯ ತಯಾರಕರದು ಎರಡನೆಯದು; ಮೂಲ ತಯಾರಕರ ಹೆಸರನ್ನು ಕದ್ದು ಅಚ್ಚುಹಾಕಿದ ಖೋಟಾ ಮಾಲು ಮೂರನೆಯದು. ಮೊದಲನೆರಡಕ್ಕೆ ಕೇಳುವವರು ಹೇಳುವವರು ಉಂಟು, ಮೂರನೆಯದಕ್ಕೆ ದಿಕ್ಕಿಲ್ಲ. ಭಾರತದಲ್ಲಿ ಮಾರುವ ಇಂಥ ಬ್ಯಾಟರಿಗಳು ಐ.ಎಸ್. ೧೬೦೪೬ ಎಂಬ ಮಾನಕದಂತೆ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾಗಿರಬೇಕು. ಬ್ಯಾಟರಿಯ ಮೇಲೆ ‘ಆರ್’ ಅಕ್ಷರದೊಡನೆ ಬರುವ ನೋಂದಣಿ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಹಾಗಾದರೆ ಆಯ್ಕೆ ಹೇಗೆ? ಬೀಳಗಿಯ ಕಡೆ ಆಲಮಟ್ಟಿ ಜಲಾಶಯದ ಹಿನ್ನೀರಿನ ಹಕ್ಕಿಗಳನ್ನು ಬಿಡುವಿನಲ್ಲಿ ಚಿತ್ರಿಸುವ ವಿದ್ಯಾರ್ಥಿಗೆ, ನೋಂದಣಿಯಿರುವ ಅನ್ಯ ತಯಾರಕರ ಬ್ಯಾಟರಿಯೊಂದು ಎರಡನೆಯ ಬ್ಯಾಟರಿಯಾಗಿ ಧಾರಾಳವಾಗಿ ಸಾಕು. ಮದುವೆಯ ಹೊಣೆ ಹೊತ್ತವನು ಮುಹೂರ್ತಕ್ಕೆ ಮೂಲ ಬ್ಯಾಟರಿಯನ್ನೇ ಹಾಕಿ, ಉಳಿದ ಹೊತ್ತಿಗೆ ಇನ್ನೊಂದನ್ನು ಬಳಸುವುದು ಜಾಣತನ. ಯಾವುದೇ ಆಗಲಿ, ತಂಪು ಹೊತ್ತಿನಲ್ಲಿ, ಕಣ್ಣೆದುರಿನಲ್ಲಿಯೇ ತುಂಬಿಸಿರಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಮುಟ್ಟಿ ಬಳಸಬೇಡಿರಿ, ಕಸದಲ್ಲಿಯೂ ಎಸೆಯಬೇಡಿರಿ. ಅದನ್ನು ಬೇರೆಯಾಗಿಯೇ ಒಪ್ಪಿಸಬೇಕೆಂದು ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಿಧಿಸಿವೆ.

ರಬಕವಿ-ಬನಹಟ್ಟಿ ನೇಕಾರರ ಊರು. ಅಲ್ಲಿ ಬಟ್ಟೆಯ ಗುಣವನ್ನು ಬಲ್ಲವರು ಚೀಟಿಯನ್ನು ಓದಿ ತೃಪ್ತರಾಗುವುದಿಲ್ಲ; ಅಂಚನ್ನು ಮುಟ್ಟಿ, ಎಳೆಯನ್ನು ನೋಡಿ, ನೇಯ್ದವರು ಯಾರೆಂದು ಕೇಳುವರು. ಬ್ಯಾಟರಿಯನ್ನು ಕೊಳ್ಳುವಾಗಲೂ ಅದೇ ಕ್ರಮ ಸಲ್ಲುವುದು.