ಬಾನೆಟ್ಟಿನ ಮುಂದಿನ ಐದು ಮೀಟರ್

ಡಿಸೆಂಬರ್, ಜನವರಿ ಬಂತೆಂದರೆ ಕೋಲಾರ ಸೀಮೆಯ ಡಾಂಬರು ರಸ್ತೆಗಳೇ ಕಣವಾಗಿಬಿಡುತ್ತವೆ. ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ ಕಡೆ ರಾಗಿ ತೆನೆಯನ್ನೋ ಹುರುಳಿ ಗಿಡವನ್ನೋ ರಸ್ತೆಗೆ ಹರವಿದರೆ, ಓಡಾಡುವ ಗಾಡಿಗಳ ಟೈರುಗಳೇ ಒಕ್ಕಣೆ ಮಾಡಿಕೊಡುತ್ತವೆ. ಇದು ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ಎತ್ತರವನ್ನಷ್ಟೇ ನೋಡಿ. ಹುಲ್ಲು ಕೊಡವಲು ಬಗ್ಗಿದ ಹೆಂಗಸಿನ ತಲೆ ನೆಲದಿಂದ ಮೂರಡಿ ಎತ್ತರದಲ್ಲಿರುತ್ತದೆ. ಕುಕ್ಕರಗಾಲಲ್ಲಿ ಕೂತು ಕಾಳು ಬಳಿಯುವಾಗ ಎರಡೂವರೆ ಅಡಿ. ಅವಳಿಗೆ ಹತ್ತಿರ ಬಂದು ನಿಂತ ದೊಡ್ಡ ಎಸ್‌ಯುವಿಯ ಬಾನೆಟ್ ಅಂಚು ಮೂರೂವರೆ ಅಡಿಗೂ ಮೇಲೆ.

ಎತ್ತರದ ಗಾಡಿಯಲ್ಲಿ ಕೂತರೆ ರಸ್ತೆ ಚೆನ್ನಾಗಿ ಕಾಣುತ್ತದೆ ಅನ್ನುವುದು ಷೋರೂಮಿನಲ್ಲಿ ಮೊದಲು ಕೇಳುವ ಮಾತು. ಮಾತೇನೋ ನಿಜ. ಆದರೆ ಕಾಣುವುದು ದೂರದ ರಸ್ತೆ. ಮಹಡಿಯ ಮೇಲೆ ಪ್ಯಾರಪೆಟ್ಟಿಗಿಂತ ನಾಲ್ಕು ಹೆಜ್ಜೆ ಹಿಂದೆ ನಿಂತರೆ ಬೆಟ್ಟವೆಲ್ಲ ಕಾಣುತ್ತದೆ, ನಮ್ಮದೇ ಬಾಗಿಲಲ್ಲಿ ನಿಂತವರು ಕಾಣುವುದಿಲ್ಲ, ಹಾಗೆ.

ಲೆಕ್ಕ ಹಾಕಿಯೇ ನೋಡೋಣ. ಚಾಲಕನ ಕಣ್ಣು ನೆಲದಿಂದ 150 ಸೆಂ.ಮೀ. ಎತ್ತರದಲ್ಲಿದೆ, ಬಾನೆಟ್ಟಿನ ಅಂಚು 110 ಸೆಂ.ಮೀ., ಕಣ್ಣಿಗೂ ಅಂಚಿಗೂ 1.8 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕಣ್ಣಿನಿಂದ ಅಂಚನ್ನು ಸವರಿಕೊಂಡು ಹೋದ ಗೆರೆ ನೆಲ ಮುಟ್ಟುವುದು ಗಾಡಿಯಿಂದ ಸುಮಾರು ಐದು ಮೀಟರ್ ಆಚೆ. ಅಷ್ಟೂ ನೆಲ ಚಾಲಕನ ಪಾಲಿಗೆ ಇಲ್ಲ. ನೆಲದಲ್ಲಿ ಕೂತು ಆಡುವ ಅರ್ಧ ಮೀಟರ್ ಎತ್ತರದ ಮಗುವಿನ ನೆತ್ತಿ ಕಾಣಬೇಕಾದರೂ ಅದು 2.7 ಮೀಟರ್ ದೂರದಲ್ಲಿರಬೇಕು. ಅದೇ ಸೀಟಿನಲ್ಲಿ ಕುಳ್ಳಗಿನವರು ಕೂತು ಕಣ್ಣು ಏಳು ಸೆಂ.ಮೀ. ಇಳಿದರೆ, ಐದು ಮೀಟರ್ ಆರಾಗುತ್ತದೆ. ಇನ್ನು ಡ್ಯಾಷ್‌ಬೋರ್ಡಿನ ಮೇಲೆ ಗಣೇಶ, ಆಯುಧಪೂಜೆ ಕಳೆದು ವಾರವಾದರೂ ತೆಗೆಯದ ಚೆಂಡುಹೂವಿನ ಹಾರ, ಗಾಜಿಗಂಟಿಸಿದ ಸ್ಟಿಕ್ಕರು ಇದ್ದರೆ ಮರೆ ಇನ್ನಷ್ಟು ಹೆಚ್ಚಿತು.

ಗಾಡಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ತೆವಳಿದರೂ ಆ 2.7 ಮೀಟರ್ ಮುಗಿಯಲು ಒಂದು ಸೆಕೆಂಡ್ ಸಾಕು. ಕಂಡ ಮೇಲೆ ಕಾಲು ಬ್ರೇಕಿಗೆ ಹೋಗುವುದಕ್ಕೇ ಅಷ್ಟು ಹೊತ್ತು ಬೇಕು. ಹೀಗಾಗಿ ಈ ಬಗೆಯ ಅವಘಡ ಹೆದ್ದಾರಿಗಿಂತ ಮನೆಯಂಗಳದಲ್ಲಿ, ಅಂಗಡಿ ಮುಂದೆ, ಶಾಲೆಯ ಗೇಟಿನಲ್ಲಿ ಆಗುವುದೇ ಹೆಚ್ಚು. ಅಂಗಳದಲ್ಲಾದರೆ ಸ್ಟಿಯರಿಂಗ್ ಹಿಡಿದವರು ಸಾಮಾನ್ಯವಾಗಿ ಆ ಮಗುವಿನ ಮನೆಯವರೇ ಆಗಿರುತ್ತಾರೆ.

ನಮ್ಮ ಗಾಡಿಗಳಲ್ಲಿ ಚಾಲಕ ಬಲಕ್ಕೆ ಕೂರುತ್ತಾನೆ. ಅವನಿಗೆ ಅತಿ ದೂರದ, ಅತಿ ಮರೆಯ ಜಾಗ ಎಡಗಡೆಯ ಮುಂದಿನ ಮೂಲೆ. ಬೀಡಾ ಅಂಗಡಿ, ಹಾಲಿನ ಡೇರಿ, ಬಸ್ಸಿಗೆ ಕಾಯುವವರು, ಹುರುಳಿ ರಾಶಿ ಎಲ್ಲ ಇರುವುದೂ ಎಡಕ್ಕೇ. ಬಲಕ್ಕೆ ತಿರುಗುವಾಗಿನ ಕಾಟ ಬೇರೆ: ಗಾಜಿನ ಪಕ್ಕದ ದಪ್ಪ ಕಂಬ ರಸ್ತೆ ದಾಟುವವನನ್ನೋ ಇಡೀ ಬೈಕನ್ನೋ ನುಂಗಿಬಿಡುತ್ತದೆ.

ಗುದ್ದಿದಾಗ ಆಗುವ ಪೆಟ್ಟಿನಲ್ಲೂ ಮೂತಿಯ ಎತ್ತರದ ಪಾಲಿದೆ. ತಗ್ಗು ಮೂತಿಯ ಕಾರು ಮೊದಲು ಕಾಲಿಗೆ ಬಡಿಯುತ್ತದೆ, ಮನುಷ್ಯ ಬಾನೆಟ್ ಮೇಲೆ ಉರುಳುತ್ತಾನೆ. ಎತ್ತರದ ಚಪ್ಪಟೆ ಮೂತಿ ಸೊಂಟಕ್ಕೆ, ಎದೆಗೆ, ಮಕ್ಕಳಾದರೆ ತಲೆಗೇ ಬಡಿದು ಮುಂದಕ್ಕೆ ಕೆಡವುತ್ತದೆ. ಬಿದ್ದವರು ಚಕ್ರದ ದಾರಿಯಲ್ಲಿರುತ್ತಾರೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪಾದಚಾರಿಗಳಿಗೆ ಗುದ್ದಿದ ಸುಮಾರು 18,000 ಪ್ರಕರಣಗಳನ್ನು ತಾಳೆ ಹಾಕಿತು. 76 ಸೆಂ.ಮೀ. ಒಳಗಿನ ಇಳಿಜಾರು ಮೂತಿಯ ಕಾರುಗಳಿಗೆ ಹೋಲಿಸಿದರೆ, ಒಂದು ಮೀಟರಿಗೂ ಮಿಕ್ಕಿದ ಮೂತಿಯ ವಾಹನ ಗುದ್ದಿದಾಗ ಸಾವಿನ ಸಾಧ್ಯತೆ ಸುಮಾರು ಶೇ. 45 ಹೆಚ್ಚು ಎಂದು ಕಂಡಿತು. ಇದರ ಮೇಲೆ ಉಕ್ಕಿನ ಬುಲ್‌ಗಾರ್ಡ್ ಬಿಗಿಸಿದರೆ ಪೆಟ್ಟು ಹೀರಬೇಕಾದ ಬಂಪರಿಗೂ ಕೆಲಸವಿಲ್ಲ. ಗಾರ್ಡ್ ಬಿಗಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಬಂಗಾರಪೇಟೆಯ ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಆ ಪತ್ರದ ಗತಿ ತಿಳಿಯುತ್ತದೆ.

ವಿಚಿತ್ರವೆಂದರೆ, ದೊಡ್ಡ ಯಂತ್ರದ ಕುರುಡು ಈ ಸೀಮೆಗೆ ಹೊಸದಲ್ಲ. 1964ರಲ್ಲಿ ಹುಟ್ಟಿದ ಬೆಮೆಲ್ ಕಂಪನಿ ಇಲ್ಲಿನ ಕೆಜಿಎಫ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ಕಟ್ಟುತ್ತದೆ. ಅಂಥ ಯಂತ್ರಗಳು ಓಡುವ ಗಣಿಗಳಲ್ಲಿ ಚಾಲಕ ಏರುವ ಮುನ್ನ ಸುತ್ತು ಹಾಕಿ ನೋಡುವುದು, ಕದಲಿಸುವ ಮುನ್ನ ಹಾರ್ನ್ ಹೊಡೆಯುವುದು ಕೆಲಸದ ನಿಯಮ. ತನಗೆ ಕಾಣುವುದಿಲ್ಲವೆಂದು ಡಂಪರ್ ಚಾಲಕನಿಗೆ ಗೊತ್ತು. ಎಸ್‌ಯುವಿ ಚಾಲಕನಿಗೆ ಎಲ್ಲ ಕಾಣುತ್ತಿದೆ ಎಂಬ ಭ್ರಮೆ.

ಕಾನೂನಿನ ಕಣ್ಣೂ ಹಿಂದಕ್ಕೇ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ಮುಂಬದಿಗೆ ಅಂಥದ್ದಿಲ್ಲ. 2023ರಲ್ಲಿ ಶುರುವಾದ ಕಾರು ಸುರಕ್ಷತಾ ರೇಟಿಂಗ್ ಭಾರತ್ ಎನ್‌ಕ್ಯಾಪ್‌ನಲ್ಲಿ ಪಾದಚಾರಿ ರಕ್ಷಣೆಯ ಒಂದು ಮಾನದಂಡವಿದ್ದರೂ, ನಕ್ಷತ್ರ ಸಿಗುವುದು ಒಳಗೆ ಕೂತವರ ರಕ್ಷಣೆಯ ಅಂಕಗಳಿಗೆ. ತೆರಿಗೆಯವರು ಅಳೆಯುವುದು ನಾಲ್ಕು ಮೀಟರ್ ಉದ್ದ ಮತ್ತು ಇಂಜಿನ್ ಗಾತ್ರವನ್ನು. 3,985 ಮಿ.ಮೀ. ಉದ್ದದ ಥಾರ್ ಎಸ್‌ಯುವಿ ಆ ನಾಲ್ಕು ಮೀಟರಿನೊಳಗೇ ಬರುತ್ತದೆ, ಅದರ ಮೂತಿ ಎಷ್ಟು ಎತ್ತರವೆಂದು ಯಾರೂ ಕೇಳುವುದಿಲ್ಲ.

ನಮ್ಮಂತೆ ಎಡಬದಿಯಲ್ಲೇ ಗಾಡಿ ಓಡಿಸುವ ಜಪಾನ್ ಇದಕ್ಕೆ ಸುಲಭದ ಪರೀಕ್ಷೆಯೊಂದನ್ನು 2000ರ ದಶಕದಲ್ಲೇ ತಂದಿತು. ಒಂದು ಮೀಟರ್ ಎತ್ತರ, 30 ಸೆಂ.ಮೀ. ಅಗಲದ ಕಂಬವೊಂದನ್ನು ಗಾಡಿಯ ಮುಂದೆ ಮತ್ತು ಎಡಕ್ಕೆ ಒತ್ತಿನಲ್ಲೇ ನಿಲ್ಲಿಸಿದಾಗ ನೇರವಾಗಿಯೋ, ಕನ್ನಡಿ ಅಥವಾ ಕ್ಯಾಮೆರಾದಲ್ಲೋ ಚಾಲಕನಿಗೆ ಕಾಣಬೇಕು. ಆ ಕಂಬ ಆರು ವರ್ಷದ ಮಗುವಿನ ಲೆಕ್ಕ. ಅಲ್ಲಿನ ಎಸ್‌ಯುವಿಗಳ ಎಡ ಮೂತಿಯ ಮೇಲೆ ಪುಟ್ಟ ಕನ್ನಡಿ ಕಾಣಿಸಿಕೊಂಡಿದ್ದು ಹೀಗೆ.

ಇಂಥ ಪರೀಕ್ಷೆಯನ್ನು ಮನೆ ಮುಂದೆಯೂ ಮಾಡಿ ನೋಡಬಹುದು. ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ದಿನಾ ಓಡಿಸುವವರೇ ಎಂದಿನಂತೆ ಕೂರಲಿ. ಇನ್ನೊಬ್ಬರು ಪ್ಲಾಸ್ಟಿಕ್ ಬಿಂದಿಗೆಯನ್ನು ಬಂಪರಿನ ಮುಂದಿಟ್ಟು, ಅದರ ಬಾಯಿ ಕಾಣುವವರೆಗೂ ಗಾಡಿಯಿಂದ ದೂರಕ್ಕೆ ಸರಿಸುತ್ತ ಹೋಗಲಿ. ಕಂಡಲ್ಲಿ ಸುಣ್ಣದ ಗೆರೆ ಎಳೆದು ಟೇಪಿನಿಂದ ಅಳೆಯಿರಿ. ಮೊದಲು ನಡುವೆ, ಆಮೇಲೆ ಎಡ ಮೂಲೆಯಲ್ಲಿ. ಮನೆಯಲ್ಲಿ ಇಬ್ಬರು ಓಡಿಸುವುದಾದರೆ ಇಬ್ಬರಿಗೂ ಬೇರೆ ಬೇರೆ ಗೆರೆ ಬೇಕಾಗುತ್ತದೆ.